ನೀವು ಮಾರಿದ ಬಾಟಲಿಯಲ್ಲಿ ಏನಿತ್ತು ಎಂಬುದನ್ನು ಬರೆದು ತಿಳಿಸಿ

ಗೆ,
ವ್ಯವಸ್ಥಾಪಕ ನಿರ್ದೇಶಕರು,
ಪ್ರಧಾನ ಕಚೇರಿ, ಬೆಂಗಳೂರು.

ವಿಷಯ: ‘ಜೈವಿಕ’ ಎಂದು ನಂಬಿಸಿ ಮಾರಿದ ಔಷಧಿಯಲ್ಲಿ ಕ್ಲೋರ್‌ಪೈರಿಫಾಸ್ ಎಂಬ ರಾಸಾಯನಿಕ ಕೀಟನಾಶಕ ಪತ್ತೆಯಾಗಿರುವ ಬಗ್ಗೆ ದೂರು.

ಮಾನ್ಯರೇ,

ಫೋನಿನಲ್ಲಿ ಕೇಳಿದೆ, ಇ-ಮೇಲ್ ಕಳುಹಿಸಿದೆ, ಅಂಗಡಿಯವರ ಮೂಲಕ ಹೇಳಿಸಿದೆ, ಕೊನೆಗೆ ಹಾಸನದ ನಿಮ್ಮ ಪ್ರಾದೇಶಿಕ ಕಚೇರಿಯ ಮೆಟ್ಟಿಲನ್ನೂ ಹತ್ತಿದೆ. ಎಲ್ಲ ಕಡೆಯೂ ನಾನು ಕೇಳಿದ್ದು ಒಂದೇ: ನೀವು ನನಗೆ ಮಾರಿದ ಬಾಟಲಿಯಲ್ಲಿ ಏನಿತ್ತು? ಇಷ್ಟು ದಿನವಾದರೂ ಉತ್ತರವಿಲ್ಲ. ಆದ್ದರಿಂದ ಈ ಪತ್ರವನ್ನು ಸ್ಪೀಡ್ ಪೋಸ್ಟ್ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ.

ನಮ್ಮದು ಸಕಲೇಶಪುರ ತಾಲ್ಲೂಕಿನ ರೊಬಸ್ಟಾ ತಳಿಯ ಕಾಫಿ ತೋಟ, ನೆರಳಿನ ಮರಗಳಿಗೆ ಕಾಳುಮೆಣಸಿನ ಬಳ್ಳಿ. ಮಾವನವರ ಕಾಲದಲ್ಲಿ ಕಳೆನಾಶಕ ಬಿದ್ದು ಬಿದ್ದು ಇಳಿಜಾರಿನ ಮಣ್ಣು ಸಿಮೆಂಟಿನಂತೆ ಬಿಗಿದುಕೊಂಡಿತ್ತು. ಮುಂಗಾರಿನ ನೀರು ಇಂಗದೆ ಮೇಲ್ಮಣ್ಣನ್ನು ಎತ್ತಿಕೊಂಡು ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೆ ಹೋಗುತ್ತಿತ್ತು. ಆ ಮಣ್ಣನ್ನು ದಾರಿಗೆ ತರಲು ನಾವು ಪಟ್ಟ ಪಾಡು ನಿಮ್ಮ ಜಾಹೀರಾತು ವಿಭಾಗಕ್ಕೆ ಗೊತ್ತಿಲ್ಲ. ಕಳೆಯನ್ನು ಕತ್ತಿಯಲ್ಲಿ ಸವರಿ ಅಲ್ಲಿಯೇ ಹರಡಿದೆವು. ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯಲ್ಲಿ ಬಿದ್ದ ಹಾಲವಾಣದ ಸೊಪ್ಪನ್ನು ಗಿಡದ ಬುಡಕ್ಕೆ ಹೊದಿಸಿದೆವು. ಕಾಫಿ ಸಿಪ್ಪೆಯನ್ನು ಹಟ್ಟಿಗೊಬ್ಬರದೊಂದಿಗೆ ಕೊಳೆಸಿ ಕೊಟ್ಟೆವು. ಈಗ ದರಗು ಸರಿಸಿದರೆ ಅಡಿಯಲ್ಲಿ ಬಿಳಿಯ ಶಿಲೀಂಧ್ರದ ಎಳೆಗಳು ಕಾಣುತ್ತವೆ, ಎರೆಹುಳು ಎತ್ತಿ ಹಾಕಿದ ಹಸಿಮಣ್ಣಿನ ಗುಪ್ಪೆಗಳು ಕಾಣುತ್ತವೆ. ಹೊಸ ಮಳೆಯ ನೀರು ನಿಂತಲ್ಲೇ ಇಂಗುತ್ತದೆ.

ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ ಕಾಫಿಯಂಥ ಬಹುವಾರ್ಷಿಕ ಬೆಳೆಗೆ 3 ವರ್ಷಗಳ ಪರಿವರ್ತನಾ ಅವಧಿ, ಅಂದರೆ ಅಷ್ಟು ಕಾಲ ರಾಸಾಯನಿಕ ಮುಟ್ಟದೆ ಸಾಗಿದ ಮೇಲೆಯೇ ಸಾವಯವ ಎಂಬ ಪ್ರಮಾಣಪತ್ರ. ನಾವು ಅದರ ಕೊನೆಯ ವರ್ಷದಲ್ಲಿದ್ದೆವು. ಅದೂ ನಾನೊಬ್ಬಳೇ ಅಲ್ಲ, ಸುತ್ತಲಿನ ಸಣ್ಣ ಬೆಳೆಗಾರರೆಲ್ಲ ಸೇರಿ ಗುಂಪು ಪ್ರಮಾಣೀಕರಣಕ್ಕೆ ಹೋದವರು. ಒಬ್ಬರ ಕಾಫಿಯಲ್ಲಿ ನಿಷಿದ್ಧ ವಸ್ತು ಸಿಕ್ಕರೆ ಪ್ರಶ್ನೆ ಏಳುವುದು ಇಡೀ ಗುಂಪಿನ ಮೇಲೆ.

ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ತೋಟದ ಒಂದು ಮೂಲೆಯಲ್ಲಿ ಗಿಡದ ರಸ ಹೀರುವ ಹಿಟ್ಟು ತಿಗಣೆ ಕಾಣಿಸಿತು. ನಿಮ್ಮ ಪ್ರತಿನಿಧಿ ತಾನಾಗಿಯೇ ತೋಟಕ್ಕೆ ಬಂದು ಈ ಔಷಧಿ ತೋರಿಸಿದ. “ಅಕ್ಕ, ಇದು ಬರೀ ಗಿಡಮೂಲಿಕೆ, ಮಕ್ಕಳು ಮುಟ್ಟಿದರೂ ಏನೂ ಆಗುವುದಿಲ್ಲ, ಸಾವಯವದವರೆಲ್ಲ ಇದನ್ನೇ ಹೊಡೆಯುತ್ತಿದ್ದಾರೆ” ಎಂದ. ಪ್ರಮಾಣಪತ್ರ ಕೇಳಿದೆ. ನಿಮ್ಮ ಮೊಹರಿದ್ದ ಕಾಗದವನ್ನೇ ಕೊಟ್ಟ. ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರ, ‘ಜೈವಿಕ ಪ್ರಚೋದಕ’ ಎಂಬ ದೊಡ್ಡ ಅಕ್ಷರ, ಅಂದರೆ ಗಿಡದ ಬೆಳವಣಿಗೆಗೆ ನೆರವಾಗುವ ಟಾನಿಕ್ಕು, ವಿಷವಲ್ಲ.

ಔಷಧಿ ಹೊಡೆದ ಸಂಜೆಯೇ ಅದನ್ನು ಹೊಡೆದ ನಮ್ಮ ಕೆಲಸದಾಳಿಗೆ ಬೆವರು, ಬಾಯಲ್ಲಿ ಜೊಲ್ಲು, ವಾಂತಿ. ಸಕಲೇಶಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಪಾಪೆ ಸೂಜಿಮೊನೆಯಷ್ಟಾಗಿತ್ತು. “ಏನು ಹೊಡೆದದ್ದು? ಬಾಟಲಿ ಕೊಡಿ” ಎಂದರು. ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ಓದಿ, “ಇದರಲ್ಲಿ ಏನಿದೆ ಎಂದು ಎಲ್ಲಿಯೂ ಬರೆದಿಲ್ಲವಲ್ಲ” ಎಂದರು. ಲಕ್ಷಣ ನೋಡಿಯೇ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷ ಎಂದು ಅಂದಾಜಿಸಿ ಅದರ ಪ್ರತಿವಿಷವಾದ ಅಟ್ರೋಪಿನ್ ಕೊಟ್ಟರು, ಮನುಷ್ಯ ಉಳಿದುಕೊಂಡ. ಅವನ ಹೆಂಡತಿ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಮುಖ ನೋಡುತ್ತ ನಿಂತಿದ್ದಳು. ಅವಳಿಗೆ ಹೇಳಲು ನನ್ನಲ್ಲಿ ಔಷಧಿಯ ಹೆಸರು ಕೂಡ ಇರಲಿಲ್ಲ.

ಮರುದಿನ ಜೇನುಪೆಟ್ಟಿಗೆಗಳ ಮುಂದೆ ತುಡುವೆ ಜೇನು ರಾಶಿ ರಾಶಿ ಸತ್ತು ಬಿದ್ದಿತ್ತು. ಹೆಚ್ಚಿನವುಗಳ ನಾಲಿಗೆ ಹೊರಚಾಚಿಕೊಂಡಿತ್ತು. ರೊಬಸ್ಟಾ ಹೂವು ತನ್ನದೇ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿ, ಜೇನು ಎರಡೂ ಬೇಕು. ಹೂವಿನ ಹೊಸ್ತಿಲಲ್ಲಿ ಜೇನು ಕಳೆದುಕೊಂಡ ಬೆಳೆಗಾರಳ ನಷ್ಟವನ್ನು ಕೃಷಿಯ ಹೆಸರಿನಲ್ಲಿ ವ್ಯಾಪಾರ ಮಾಡುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಬ್ಯಾಚಿನ, ಸೀಲ್ ಒಡೆಯದ ಬಾಟಲಿಯನ್ನು ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿದೆ. ಅದರಲ್ಲಿ ಕ್ಲೋರ್‌ಪೈರಿಫಾಸ್ ಇದೆ ಎಂದು ವರದಿ ಬಂತು, ವೈದ್ಯರು ಅಂದಾಜಿಸಿದ್ದ ಗುಂಪಿನದೇ ವಿಷ. ಆ ವರದಿ ಹಿಡಿದುಕೊಂಡು, ಗುಂಪಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ನಿಮ್ಮ ಹಾಸನದ ಕಚೇರಿಗೆ ಹೋದೆ.

ಅಲ್ಲಿ ನಡೆದದ್ದನ್ನು ನೀವು ಪೂರ್ತಿ ಓದಬೇಕು. ನಿಮ್ಮ ಪ್ರಾದೇಶಿಕ ವ್ಯವಸ್ಥಾಪಕರು ಮೊಬೈಲಿನಿಂದ ಕಣ್ಣೆತ್ತದೆ ಕೇಳಿದ ಮೊದಲ ಮಾತು, “ಯಜಮಾನರು ಬರಲಿಲ್ಲವೇನಮ್ಮ?” ತೋಟವೂ ಬಿಲ್ಲೂ ನನ್ನ ಹೆಸರಿನಲ್ಲಿವೆ ಎಂದೆ. ಕೂರಿ ಎನ್ನಲಿಲ್ಲ. ಎಪ್ಪತ್ತು ದಾಟಿದ ನಮ್ಮ ಹಿರಿಯರು ಗೋಡೆಗೆ ಒರಗಿ ನಿಂತರು. ವರದಿಯ ಮೊದಲ ಪುಟವನ್ನೂ ಪೂರ್ತಿ ಓದದೆ, “ಪಕ್ಕದ ತೋಟದವರು ಹೊಡೆದದ್ದು ಗಾಳಿಯಲ್ಲಿ ಬಂದಿರುತ್ತದೆ” ಎಂದರು. ಪರೀಕ್ಷೆ ಮಾಡಿಸಿದ್ದು ಎಲೆಯನ್ನಲ್ಲ ಸರ್, ಸೀಲ್ ಇದ್ದ ಬಾಟಲಿಯನ್ನು ಎಂದೆ. “ಹಾಗಾದರೆ ಲ್ಯಾಬಿನವರೇ ತಪ್ಪು ಮಾಡಿದ್ದಾರೆ” ಎಂದರು. ಸರಿ, ನಿಮ್ಮ ಲೆಕ್ಕದಲ್ಲಿ ಅದರಲ್ಲಿ ಏನೇನಿದೆ, ಅದನ್ನಾದರೂ ಬರೆದುಕೊಡಿ ಎಂದೆ. “ಅದು ವ್ಯಾಪಾರದ ಗುಟ್ಟಮ್ಮ. ಇದನ್ನೆಲ್ಲ ಕೇಳು ಎಂದು ನಿಮಗೆ ಯಾರು ಹೇಳಿಕೊಟ್ಟರು?” ಎಂದು ಪಕ್ಕದವರ ಕಡೆ ತಿರುಗಿ ನಕ್ಕರು.

ಆಗ ನಾನು ಚೀಲದಿಂದ ಅರ್ಧ ಉಳಿದಿದ್ದ ಬಾಟಲಿಯನ್ನು ತೆಗೆದು ಅವರ ಮೇಜಿನ ಮೇಲಿಟ್ಟೆ. ಮುಚ್ಚಳ ಸಡಿಲವಾಗಿತ್ತೋ ಏನೋ, ವಾಸನೆ ಕೋಣೆ ತುಂಬಿತು. ವ್ಯವಸ್ಥಾಪಕರು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಮೂಗಿಗೆ ಕರವಸ್ತ್ರ ಹಿಡಿದು, ಚಹಾ ತಂದ ಹುಡುಗನಿಗೆ “ಏ, ಇದನ್ನು ಮೊದಲು ಹೊರಗಿಡಪ್ಪ, ಕೈ ತೊಳೆದುಕೊಂಡು ಬಾ” ಎಂದರು. ಮಕ್ಕಳು ಮುಟ್ಟಿದರೂ ಏನೂ ಆಗದ ಔಷಧಿ ನಿಮ್ಮ ಕಚೇರಿಯ ಮೇಜಿನ ಮೇಲೆ ಒಂದು ನಿಮಿಷ ಇರುವಂತಿಲ್ಲ! ಬಂದ ಚಹಾ ಅವರಿಗೂ ಅವರ ಪಕ್ಕದವರಿಗೂ ಹೋಯಿತು. ಹೊರಡುವಾಗ ಇನ್ನೊಂದು ಮಾತು: “ಬೇಕಾದರೆ ಒಂದು ಬಾಕ್ಸ್ ಉಚಿತವಾಗಿ ಕೊಡಿಸುತ್ತೇನೆ, ಇಲ್ಲಿಗೆ ಬಿಟ್ಟುಬಿಡಿ.” ಅದೇ ಔಷಧಿಯ ಬಾಕ್ಸು. ನನ್ನ ಆಳನ್ನು ಆಸ್ಪತ್ರೆಗೆ ಹಾಕಿದ, ನನ್ನ ಜೇನನ್ನು ಕೊಂದ ಅದೇ ಔಷಧಿ.

ಕಾಯ್ದೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ, ಅದನ್ನು ಓದಿಯೇ ನೀವು ಪರವಾನಗಿ ಪಡೆದಿರುತ್ತೀರಿ. ಕೀಟ ಕೊಲ್ಲಲು ಮಾರುವುದಾದರೆ ಅದು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ, ಒಳಗಿರುವ ವಿಷದ ಹೆಸರು, ಅಪಾಯದ ಮಟ್ಟ ಹೇಳುವ ಬಣ್ಣದ ತ್ರಿಕೋನ, ಕನ್ನಡದಲ್ಲಿಯೂ ಓದುವಂತೆ ವಿಷಬಾಧೆಯ ಲಕ್ಷಣ ಮತ್ತು ಪ್ರತಿವಿಷದ ವಿವರ ಇರಬೇಕು. ಕ್ಲೋರ್‌ಪೈರಿಫಾಸ್‌ಗೆ ಹಳದಿ ತ್ರಿಕೋನ. ನಿಮ್ಮ ಬಾಟಲಿಯ ಮೇಲೆ ಇದ್ದದ್ದು ಎಲೆಯ ಚಿತ್ರ. ಜೈವಿಕ ಪ್ರಚೋದಕವೇ ಎನ್ನುವುದಾದರೆ, 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಂದ ತಿದ್ದುಪಡಿಯ ಪ್ರಕಾರ ಅದರಲ್ಲಿ ಕೀಟನಾಶಕದ ಅಂಶ 0.01 ಪಿಪಿಎಂ, ಅಂದರೆ ಹತ್ತು ಕೋಟಿಯಲ್ಲಿ ಒಂದು ಭಾಗ, ದಾಟುವಂತಿಲ್ಲ. ಎರಡರಲ್ಲಿ ಯಾವ ಬಾಗಿಲಿನಿಂದ ಹೊರಬರುತ್ತೀರಿ, ನೀವೇ ಆರಿಸಿಕೊಳ್ಳಿ. 2020ರಲ್ಲಿ ಯುರೋಪ್ ಒಕ್ಕೂಟ ಕ್ಲೋರ್‌ಪೈರಿಫಾಸ್‌ನ ಅನುಮತಿಯನ್ನು ನವೀಕರಿಸದೆ ಕೈಬಿಟ್ಟಿದೆ. ನಮ್ಮ ಕಾಫಿಯನ್ನು ಹೆಚ್ಚಾಗಿ ಕೊಳ್ಳುವುದೂ ಅದೇ ಯುರೋಪು.

ಪತ್ರ ತಲುಪಿದ 15 ದಿನಗಳೊಳಗೆ ಆ ಬ್ಯಾಚಿನಲ್ಲಿ ಏನೇನಿತ್ತು ಎಂಬ ಸಹಿ ಮಾಡಿದ ಹೇಳಿಕೆ ನನಗೆ ಬರಬೇಕು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಅಂಗಡಿಗಳಿಂದ ಆ ಬ್ಯಾಚನ್ನು ವಾಪಸ್ ತರಿಸಬೇಕು. ಕೆಲಸದಾಳಿನ ಚಿಕಿತ್ಸೆಯ ಖರ್ಚು ಮತ್ತು ಕೂಲಿ, ಜೇನಿನ ನಷ್ಟ, ಪರಿವರ್ತನಾ ಅವಧಿ ಮತ್ತೆ ಮೊದಲಿನಿಂದ ಶುರುವಾದರೆ ಅದರ ಹೊರೆ ನಿಮ್ಮದು.

ಬಾಕ್ಸಿನ ಆಸೆಗೆ ಸುಮ್ಮನಾಗುತ್ತೇನೆ ಎಂದುಕೊಂಡಿದ್ದರೆ ಆ ಯೋಚನೆ ಬಿಡಿ. ಬಿಲ್ಲು, ವರದಿ, ಆಸ್ಪತ್ರೆಯ ಚೀಟಿಯ ಪ್ರತಿಗಳೊಂದಿಗೆ ಕೃಷಿ ಇಲಾಖೆಯ ಜಂಟಿ ನಿರ್ದೇಶಕರಿಗೆ ದೂರು ಸಿದ್ಧವಾಗಿದೆ. ಕೀಟನಾಶಕ ಪರಿವೀಕ್ಷಕರು ಅಂಗಡಿಯಲ್ಲಿಯೇ ಮಾದರಿ ತೆಗೆಯಲಿ. “ನೀವು ಬೆಳೆಗಾರರು, ಗ್ರಾಹಕರಲ್ಲ” ಎಂದು ನಿಮ್ಮವರು ಫೋನಿನಲ್ಲಿ ಹೇಳಿದ್ದರು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿಯೇ ತೀರ್ಪು ಕೊಟ್ಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾನಿರುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ಬೆಂಗಳೂರಿನಿಂದ ಹಾಸನದ ಗ್ರಾಹಕರ ಆಯೋಗಕ್ಕೆ ಓಡಾಡುವವರು ನೀವು. ಆಗ ನಿಮ್ಮ ವ್ಯವಸ್ಥಾಪಕರನ್ನೂ ಕರೆದುಕೊಂಡು ಬನ್ನಿ. ಸೀಲ್ ಒಡೆಯದ ಇನ್ನೊಂದು ಬಾಟಲಿ ನನ್ನ ಬಳಿ ಭದ್ರವಾಗಿದೆ. ಅದನ್ನು ಆಯೋಗದ ಅಧ್ಯಕ್ಷರ ಎದುರಿಗೇ ತೆರೆಯಲು ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ಔಷಧಿ ಕೊಂಡ ಕಾಫಿ ಬೆಳೆಗಾರ್ತಿ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ.