ಗೋಡೆಗೆ ವಿಮೆ ಇದೆ, ಬಿದ್ದವರಿಗೆ ಇಲ್ಲ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಶ್ರೀನಗರದಲ್ಲಿ ನಮ್ಮದೊಂದು ಹಳೇ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಟೆರೇಸಿನ ಮೆಟ್ಟಿಲ ಕಂಬಿ ಅಲ್ಲಾಡುತ್ತಿದೆ ಎಂದು ಆ ಹುಡುಗ ಎರಡು ಸಲ ವಾಟ್ಸ್‌ಆ್ಯಪ್ ಮಾಡಿದ್ದ. ವೆಲ್ಡಿಂಗಿನವನಿಗೆ ಹೇಳ್ತೀನಪ್ಪ ಅಂದವಳು ನಾನೇ. ಹೇಳಲಿಲ್ಲ. ಕಳೆದ ತಿಂಗಳು ಅವನ ತಾಯಿ ಬಟ್ಟೆ ಬಕೆಟ್ ಹಿಡಿದು ಹತ್ತುವಾಗ ಅದೇ ಕಂಬಿಗೆ ಕೈ ಊರಿದರು. ಬುಡದ ಬೋಲ್ಟು ಸಿಮೆಂಟಿನ ಸಮೇತ ಕಿತ್ತು ಬಂತು. ಮಣಿಕಟ್ಟು ಮುರಿದು ಪ್ಲೇಟ್ ಹಾಕಿಸಬೇಕಾಯಿತು. ಬಿಲ್ 92 ಸಾವಿರ. ಕಟ್ಟಿದೆ, ಕಟ್ಟಲೇಬೇಕಿತ್ತು. ಅವರು ಕೋರ್ಟಿಗೆ ಹೋಗಿದ್ದರೆ ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ.

ಆ ರಾತ್ರಿ ಬೀರುವಿನಿಂದ ಮನೆ ಪಾಲಿಸಿ ತೆಗೆದು ಓದಿದೆ. 2021ರಲ್ಲಿ ಶುರುವಾದ ‘ಭಾರತ್ ಗೃಹ ರಕ್ಷಾ’. ಬೆಂಕಿ, ಭೂಕಂಪ, ನೆರೆ, ಗಲಭೆ, ನೀರಿನ ಟ್ಯಾಂಕ್ ಒಡೆಯುವುದು, ಎಲ್ಲ ಇದೆ. ನನ್ನ ಅಸಡ್ಡೆಯಿಂದ ಬಾಡಿಗೆಯವರಿಗೆ ಪೆಟ್ಟಾದರೆ ಎನ್ನುವ ಸಾಲು ಮಾತ್ರ ಇಲ್ಲ. ಅದಕ್ಕೆ ಲಯಬಿಲಿಟಿ ಕವರ್ ಬೇರೆ ತೆಗೆದುಕೊಳ್ಳಬೇಕಂತೆ. “ಯಾರೂ ಕೇಳಲ್ಲ ಮೇಡಂ, ಅದಕ್ಕೆ ನಾವೂ ಹೇಳಲ್ಲ” ಎಂದರು ಏಜೆಂಟರು. ಥರ್ಡ್ ಪಾರ್ಟಿ ವಿಮೆ ಇಲ್ಲದೆ ನನ್ನ ಸ್ಕೂಟರ್ ರಸ್ತೆಗಿಳಿಯುವ ಹಾಗಿಲ್ಲ. ಎರಡು ಸಂಸಾರ ಹತ್ತಿಳಿಯುವ ಮೆಟ್ಟಿಲಿಗೆ ಯಾವ ಕಟ್ಟುಪಾಡೂ ಇಲ್ಲ. ಹಾಗಂತ ಕವರ್ ಇದ್ದಿದ್ದರೂ, ಗೊತ್ತಿದ್ದೂ ರಿಪೇರಿ ಮಾಡಿಸದ ನನಗೆ ಕಂಪನಿ ತಕರಾರು ತೆಗೆಯುತ್ತಿತ್ತೇನೋ.

ಆಮೇಲೆ 11 ತಿಂಗಳ ಅಗ್ರಿಮೆಂಟ್ ನೋಡಿದೆ. ಗೋಡೆಗೆ ಮೊಳೆ ಹೊಡೆಯಬಾರದು ಎಂದಿದೆ. ಬಿಡುವಾಗ ಸುಣ್ಣ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತೇವೆ ಎಂದಿದೆ. ಮೆಟ್ಟಿಲು, ಕಂಬಿ, ವೈರಿಂಗ್ ಯಾರು ನೋಡಿಕೊಳ್ಳಬೇಕು? ಒಂದಕ್ಷರ ಇಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಈ ಪಟ್ಟಿ ಬಿಡಿಸಿ ಬರೆದಿದ್ದಾರೆ. ಬೇರೆ ಮಾತಾಗಿರದಿದ್ದರೆ ಕಟ್ಟಡದ ರಿಪೇರಿ, ವೈರಿಂಗ್ ಮಾಲೀಕರದ್ದೇ. ಸುಣ್ಣ ಬಣ್ಣವೂ ನಮ್ಮದೇ ಅಂತೆ! ಓದಿ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು.

ಸ್ಟ್ಯಾಂಪ್ ಪೇಪರ್ ಟೈಪ್ ಮಾಡಿಕೊಡುವವರು ಅದೇ ಹಳೇ ನಮೂನೆಗೆ ಹೆಸರು ಬದಲಿಸಿ ಕೊಡುವ ಬದಲು ಈ ನಾಲ್ಕು ಸಾಲು ಸೇರಿಸಬಾರದೇ? ಮನೆ ಬಾಡಿಗೆಗೆ ಕೊಟ್ಟಿದ್ದೀರಾ ಎಂದು ವಿಮೆ ಅರ್ಜಿಯಲ್ಲೇ ಕೇಳಿ, ಹೌದು ಅಂದವರಿಗೆ ಲಯಬಿಲಿಟಿ ಕವರ್ ವಿಷಯವನ್ನು ಕಂಪನಿಗಳು ತಾವಾಗೇ ತಿಳಿಸಬೇಕು.

ನನ್ನ ಪಾಲಿಸಿ ಮುಂದಿನ ತಿಂಗಳು ರಿನ್ಯೂವಲ್‌ಗೆ ಬರುತ್ತದೆ. ಆ ಕವರ್ ಸೇರಿಸದೆ ಚೆಕ್ ಬರೆಯಲ್ಲ ಎಂದು ಏಜೆಂಟರಿಗೆ ಹೇಳಿದ್ದೇನೆ. ಕಂಬಿಗೆ ವೆಲ್ಡಿಂಗ್ ಆಯಿತು, 1,800 ರೂಪಾಯಿ.

– ನಿವೃತ್ತ ಶಿಕ್ಷಕಿ, ಶ್ರೀನಗರ, ಬೆಂಗಳೂರು