ಜಲ್ಲಿ ಯಾರ ಕ್ರಷರಿನದ್ದು? ಮನೆ ಕೊಂಡವರಿಗೂ ತಿಳಿಯಲಿ

ಮಾನ್ಯ ಸಂಪಾದಕರೇ,

ನಾನು ಹುಬ್ಬಳ್ಳಿಯಲ್ಲಿ ಒಂದೇ ಕುಟುಂಬದ ಕಟ್ಟಡ ಕಂಪನಿಯಲ್ಲಿ 31 ವರ್ಷ ಲೆಕ್ಕ ಬರೆದವನು. 1987ರಲ್ಲಿ ಸೇರಿದಾಗ ಅದು ಅಪ್ಪ ಮಕ್ಕಳ ಗುತ್ತಿಗೆ ವ್ಯವಹಾರ. ಆಮೇಲೆ ಪ್ರೈವೇಟ್ ಲಿಮಿಟೆಡ್ ಆಯಿತು, ಅಪಾರ್ಟ್‌ಮೆಂಟ್ ಕಟ್ಟತೊಡಗಿತು. ಮಾಲಕರು ಮೇಸ್ತ್ರಿಯಾಗಿ ಶುರು ಮಾಡಿ ಮೇಲೆ ಬಂದವರು. ಸರ್ಕಾರಿ ಬಿಲ್ ಆರು ತಿಂಗಳು ನಿಂತರೂ ಶನಿವಾರದ ಬಟವಡೆ ಒಂದು ವಾರವೂ ತಪ್ಪಿಸಲಿಲ್ಲ. ಅವರ ಮೇಲೆ ನನಗೆ ಇಂದಿಗೂ ಗೌರವವಿದೆ. ಆದರೂ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಮಗಳು ಈಗ ಬೆಂಗಳೂರಿನಲ್ಲಿ ಫ್ಲ್ಯಾಟ್ ಬುಕ್ ಮಾಡಿದ್ದಾಳೆ. ಆ ಬಿಲ್ಡರ್ ಕಂಪನಿಯ ಕಾಗದ ನೋಡಿದೆ. ನಿರ್ದೇಶಕರು ಮೂವರು: ಗಂಡ, ಹೆಂಡತಿ, ಮಗ.

ನಮ್ಮಲ್ಲೂ ಹಾಗೇ ಇತ್ತು. ಮಾಲಕರು, ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ. ಬೋರ್ಡ್ ಮೀಟಿಂಗಿನ ಮಿನಿಟ್ಸ್ ನಾನೇ ಬರೆಯುತ್ತಿದ್ದೆ. ಮೀಟಿಂಗ್ ಒಂದೂ ನಡೆಯುತ್ತಿರಲಿಲ್ಲ. ಒಮ್ಮೆ ಅವರ ಮನೆಯ ಸೀಮಂತದ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಸೊಸೆಯವರ ಸಹಿ ಹಾಕಿಸಿಕೊಂಡೆ. ‘ಏನ್ ಕಾಗದರೀ ಇದು, ಕಾಕಾರ?’ ಅಂದರು. ಎರಡು ಕೋಟಿ ಸಾಲದ ಕಾಗದ ಅದು. ‘ಏನಿಲ್ರೀ, ಮಾಮೂಲಿ’ ಅಂದೆ. ಆ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ.

ಇನ್ನು ಜಲ್ಲಿಯ ವಿಷಯ. ನಮ್ಮ ಕಡೆ ಖಡಿ ಅನ್ನುತ್ತೇವೆ. ಕಿರಿಯ ಮಗನ ಹೆಸರಲ್ಲಿ ಕ್ರಷರ್ ಇತ್ತು. ಎಲ್ಲಾ ಸೈಟಿಗೂ ಖಡಿ ಅಲ್ಲಿಂದಲೇ ಬರುತ್ತಿತ್ತು. ಬೇರೆ ಯಾರ ಕೊಟೇಶನ್ನೂ ತರಿಸುತ್ತಿರಲಿಲ್ಲ. ಪೇಟೆ ದರಕ್ಕಿಂತ ಬ್ರಾಸಿಗೆ, ಅಂದರೆ ನೂರು ಘನ ಅಡಿಗೆ, 300 ರೂಪಾಯಿ ಜಾಸ್ತಿ. ಒಮ್ಮೆ ಧೈರ್ಯ ಮಾಡಿ ಮಾಲಕರಿಗೆ ಹೇಳಿದೆ. ‘ಮನೀ ರೊಕ್ಕ ಮನ್ಯಾಗ ಉಳೀತದ, ಬಿಡು’ ಅಂದರು. ಆದರೆ ಅದು ಮನೆಯ ರೊಕ್ಕ ಆಗಿರಲಿಲ್ಲ. ಫ್ಲ್ಯಾಟ್ ಬುಕ್ ಮಾಡಿದವರ ಮುಂಗಡ ಅದು. ಕ್ರಷರಿನ ಬಿಲ್ ವಾರದೊಳಗೆ ಪಾಸಾಗುತ್ತಿತ್ತು. ಸೆಂಟ್ರಿಂಗ್‌ನವರು, ಪ್ಲಂಬರುಗಳು ಮೂರು ಮೂರು ತಿಂಗಳು ಅಲೆಯುತ್ತಿದ್ದರು. ಕೊನೆಗೆ ಅಣ್ಣತಮ್ಮಂದಿರು ಪಾಲು ಕೇಳಿ ಜಗಳಕ್ಕೆ ನಿಂತರು. ಇಬ್ಬರೂ ಸಹಿ ಹಾಕದೆ ಚೆಕ್ ಹೋಗುವಂತಿರಲಿಲ್ಲ. ಒಂದು ಕಟ್ಟಡ 14 ತಿಂಗಳು ನಿಂತೇ ಹೋಯಿತು. ಅಷ್ಟು ದಿನವೂ ಬಾಡಿಗೆ, ಇಎಂಐ ಎರಡನ್ನೂ ಕಟ್ಟಿದವರು ಮನೆ ಕೊಂಡವರು.

ಈಗ ರೇರಾ ಇದೆಯಲ್ಲ ಅಂತ ಕೇಳಬಹುದು. ಮನೆ ಕೊಳ್ಳುವವರ ರಕ್ಷಣೆಗೆ ಬಂದ 2016ರ ಆ ಕಾಯ್ದೆ ಒಳ್ಳೆಯದೇ. ಕೊಂಡವರು ಕೊಟ್ಟ ಹಣದಲ್ಲಿ ಶೇ 70ರಷ್ಟನ್ನು ಬೇರೆ ಖಾತೆಯಲ್ಲಿ ಇಡಬೇಕು. ಅದನ್ನು ಜಾಗಕ್ಕೆ, ಕಟ್ಟಡಕ್ಕೆ ಮಾತ್ರ ಬಳಸಬೇಕು. ತೆಗೆಯಲು ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರ ಸರ್ಟಿಫಿಕೇಟ್ ಬೇಕು. ಆದರೆ ಅವರು ನೋಡುವುದು ಕೆಲಸ ಎಷ್ಟು ಮುಗಿದಿದೆ ಅನ್ನುವುದನ್ನು. ಖಡಿ ತಮ್ಮನ ಕ್ರಷರಿನಿಂದ ಜಾಸ್ತಿ ದರಕ್ಕೆ ಬಂದರೂ ಅದು ಕಟ್ಟಡದ ಖರ್ಚೇ. ದುಡ್ಡು ಸೋರುವ ದಾರಿ ಅಲ್ಲೇ ಇದೆ. 31 ವರ್ಷ ಲೆಕ್ಕದ ಪುಸ್ತಕದ ಮುಂದೆ ಕೂತವನಾಗಿ ಇದನ್ನು ಹೇಳುತ್ತಿದ್ದೇನೆ.

2013ರ ಕಂಪನಿ ಕಾಯ್ದೆಯೂ ಇಲ್ಲಿ ಕೈಕೊಡುತ್ತದೆ. ಷೇರುಪೇಟೆಯಲ್ಲಿರುವ ಕಂಪನಿಯ ಬೋರ್ಡಿನಲ್ಲಿ ಮೂರನೇ ಒಂದರಷ್ಟು ಸ್ವತಂತ್ರ ನಿರ್ದೇಶಕರು, ಅಂದರೆ ಮಾಲಕರ ಜೊತೆ ನಂಟಿಲ್ಲದ ಹೊರಗಿನವರು, ಇರಬೇಕು. ಪ್ರೈವೇಟ್ ಕಂಪನಿಗೆ ಒಬ್ಬರೂ ಬೇಡ. ಸಂಬಂಧಿಕರ ಜೊತೆ ವ್ಯವಹಾರ ಮಾಡಲು ಷೇರುದಾರರ ಒಪ್ಪಿಗೆ ಬೇಕಾದಾಗ, ಲಾಭ ಇರುವವರೇ ಮತ ಹಾಕಬಾರದು ಎಂಬ ನಿಯಮವಿತ್ತು. 2015ರಲ್ಲಿ ಪ್ರೈವೇಟ್ ಕಂಪನಿಗಳಿಗೆ ಅದನ್ನೂ ಸಡಿಲಿಸಿದರು. ಸ್ವಂತ ದುಡ್ಡಿನಲ್ಲಿ ವ್ಯಾಪಾರ ಮಾಡುವವರಿಗೆ ಇದು ಸರಿ ಇರಬಹುದು. ನೂರಾರು ಜನರ ಮುಂಗಡ ಹಿಡಿದುಕೊಂಡವರಿಗೆ ಖಂಡಿತ ಸರಿಯಲ್ಲ.

ಹೊರಗಿನ ನಿರ್ದೇಶಕರು ಬಂದರೆ ಸಾಕೇ? ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ನೆನಪಿದೆ ಅಲ್ವಾ? 2008ರ ಡಿಸೆಂಬರ್ 16ರಂದು ಅದರ ಬೋರ್ಡು ಅದರ ಸ್ಥಾಪಕ ರಾಮಲಿಂಗ ರಾಜು ಅವರ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು ಕೊಳ್ಳಲು ಒಪ್ಪಿತು. ಒಂದು ಕಟ್ಟಡ ಕಾಮಗಾರಿಯದು, ಇನ್ನೊಂದು ಜಾಗ-ಮನೆಗಳದು. ಎರಡೂ ಸೇರಿ 160 ಕೋಟಿ ಡಾಲರ್. ಆ ಬೋರ್ಡಿನಲ್ಲಿ ದೊಡ್ಡ ದೊಡ್ಡ ಸ್ವತಂತ್ರ ನಿರ್ದೇಶಕರಿದ್ದರು. ತಡೆದವರು ಅವರಲ್ಲ. ಸುದ್ದಿ ಹೊರಬಿದ್ದು ಷೇರುದಾರರು ಸಿಟ್ಟಿಗೆದ್ದರು, ಕೆಲವೇ ಗಂಟೆಗಳಲ್ಲಿ ಆ ಖರೀದಿ ರದ್ದಾಯಿತು. ದುಡ್ಡು ಹಾಕಿದವರಿಗೆ ವಿಷಯ ಗೊತ್ತಾಯಿತು, ಅದಕ್ಕೇ ತಡೆಯಲು ಆಯಿತು. ದಿಲ್ಲಿ ಬಳಿಯ ನೋಯ್ಡಾ ಕಡೆ ಮನೆ ಕಟ್ಟುತ್ತಿದ್ದ ಜೇಪೀ ಇನ್ಫ್ರಾಟೆಕ್‌ನಲ್ಲಿ ಹೀಗಾಗಲಿಲ್ಲ. ಅದರ ನೂರಾರು ಎಕರೆ ಜಮೀನನ್ನು ತಾಯಿ ಕಂಪನಿ ಜೈಪ್ರಕಾಶ್ ಅಸೋಸಿಯೇಟ್ಸ್‌ನ ಸಾಲಕ್ಕೆ ಅಡ ಇಟ್ಟಿದ್ದರು. 758 ಎಕರೆಯ ಆ ಅಡಮಾನ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಸಾವಿರಾರು ಕುಟುಂಬಗಳು ಮನೆಗಾಗಿ ವರ್ಷಗಟ್ಟಲೆ ಕಾದಿದ್ದವು.

ಹಾಗಾಗಿ ಆ ಕಾಯ್ದೆ ಜಾರಿ ಮಾಡುವ ಕರ್ನಾಟಕ ರೇರಾ ಪ್ರಾಧಿಕಾರ ಒಂದು ಕೆಲಸ ಮಾಡಲಿ. ಬಿಲ್ಡರುಗಳು ಮೂರು ತಿಂಗಳಿಗೊಮ್ಮೆ ಕೊಡುವ ವರದಿಯಲ್ಲೇ ಇನ್ನೊಂದು ಪುಟ ಸೇರಿಸಲಿ. ಮನೆಯವರಿಂದ, ಬೀಗರಿಂದ, ಅವರ ಕಂಪನಿಗಳಿಂದ ಏನು ಕೊಂಡಿರಿ, ಯಾವ ದರಕ್ಕೆ, ಬೇರೆ ಯಾರ ಕೊಟೇಶನ್ ತರಿಸಿದ್ದಿರಿ? ಅದನ್ನು ಫ್ಲ್ಯಾಟ್ ಕೊಂಡವರೆಲ್ಲ ಓದುವ ಹಾಗಿರಲಿ. ಲೆಕ್ಕ ಬರೆಯುವವರಿಗೆ ಇದೇನು ದೊಡ್ಡ ಕೆಲಸವಲ್ಲ. ಅರ್ಧ ದಿನ ಸಾಕು.

ಮಗಳ ಬಿಲ್ಡರ್‌ಗೆ ನಾನೇ ಒಂದು ಕಾಗದ ಬರೆದಿದ್ದೇನೆ. ಕಾಂಕ್ರೀಟ್ ಯಾರಿಂದ ತರಿಸುತ್ತೀರಿ, ಅವರು ನಿಮಗೆ ಏನಾಗಬೇಕು ಅಂತ ಕೇಳಿದ್ದೇನೆ. ಮೂರು ವಾರ ಆಯಿತು. ಉತ್ತರ ಬಂದಿಲ್ಲ.

— ಒಬ್ಬ ನಿವೃತ್ತ ಅಕೌಂಟೆಂಟ್, ಹುಬ್ಬಳ್ಳಿ