ಪೆಟಾದ ವೇಷ ಯಾರ ಮುಂದೆ?

ಮಾನ್ಯ ಸಂಪಾದಕರೇ,

ಮೈಗೆ ಸೊಪ್ಪು ಸುತ್ತಿಕೊಂಡು ನಿಲ್ಲುವುದು, ಪಂಜರದೊಳಗೆ ಕೂರುವುದು, ಅಂಗಡಿಯ ಮಾಂಸದಂತೆ ಪ್ಲಾಸ್ಟಿಕ್ ಹೊದ್ದು ರಸ್ತೆಬದಿ ಮಲಗುವುದು. ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಸಂಘಟನೆ ‘ಪೆಟಾ’ದವರ ಇಂಥ ಪ್ರದರ್ಶನ ಕಂಡಾಗಲೆಲ್ಲ ‘ಪ್ರಚಾರದ ಹುಚ್ಚು’ ಎಂದು ಬೈಯುವುದು ರೂಢಿ. ಪ್ರಚಾರಕ್ಕೇ ಮಾಡುತ್ತೇವೆಂದು ಅವರೇ ಒಪ್ಪುತ್ತಾರಲ್ಲ! ಕಂಪನಿಗಳಂತೆ ಜಾಹೀರಾತಿಗೆ ದುಡ್ಡು ಸುರಿಯಲಾಗದವರಿಗೆ ಪತ್ರಿಕೆಯ ಫೋಟೊ ಬಿಟ್ಟಿ ಸಿಗುತ್ತದೆ. ಕೋಳಿ ಗೂಡಿನ ಅಳತೆ ಬಗ್ಗೆ ಹತ್ತು ಪುಟದ ವರದಿ ಕಳಿಸಿದ್ದರೆ ನೀವು ಹಾಕುತ್ತಿದ್ದಿರಾ? (ಕೋಪ ಬೇಡ.)

1980ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಸಂಘಟನೆಗೆ ಮೊದಲು ಹೆಸರು ತಂದದ್ದು ವೇಷವಲ್ಲ. ಮರುವರ್ಷ ಸಂಸ್ಥಾಪಕರಲ್ಲೊಬ್ಬರಾದ ಅಲೆಕ್ಸ್ ಪಚೆಕೊ ಅಲ್ಲಿನ ಸಿಲ್ವರ್ ಸ್ಪ್ರಿಂಗ್ ಊರಿನ ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿ, ಅಲ್ಲಿನ 17 ಕೋತಿಗಳ ದುಃಸ್ಥಿತಿಯ ಚಿತ್ರ ತೆಗೆದು ಪೊಲೀಸರ ಮುಂದಿಟ್ಟರು. ವೇಷ, ಗಲಾಟೆ ಆಮೇಲಿನವು. ಅವೂ ಫಲ ಕೊಟ್ಟಿವೆ: ಕಾರ್ಯಕರ್ತರು ನ್ಯೂಯಾರ್ಕ್‌ನಲ್ಲಿ ಫ್ಯಾಷನ್ ಉಡುಪಿನ ಕಂಪನಿ ಕ್ಯಾಲ್ವಿನ್ ಕ್ಲೈನ್‌ನ ಕಚೇರಿಗೆ ನುಗ್ಗಿದ ಮೇಲೆ, 1994ರಲ್ಲಿ ಆ ಕಂಪನಿ ತುಪ್ಪಳದ ಉಡುಪು ಕೈಬಿಟ್ಟಿತು. ಹೆಸರನ್ನೇ ಮಾರಿ ಬದುಕುವವರಿಗೆ ಹೆಸರು ಕೆಡುವ ಭಯ ಇದ್ದೇ ಇರುತ್ತದೆ.

ಜನಸಾಮಾನ್ಯರಿಗೆ ಆ ಭಯವಿಲ್ಲ, ಸಿಟ್ಟು ಮಾತ್ರ ಬರುತ್ತದೆ. 2003ರಲ್ಲಿ ನಾಜಿ ಶಿಬಿರಗಳ ಚಿತ್ರದ ಪಕ್ಕ ಸಾಕುಪ್ರಾಣಿಗಳ ಚಿತ್ರವಿಟ್ಟು ಪ್ರದರ್ಶನ ಮಾಡಿದರು. ನೊಂದ ಯಹೂದಿಗಳ ಕ್ಷಮೆಯನ್ನು ಪೆಟಾದ ಮತ್ತೊಬ್ಬ ಸಂಸ್ಥಾಪಕಿ ಇಂಗ್ರಿಡ್ ನ್ಯೂಕಿರ್ಕ್ 2005ರಲ್ಲಿ ಕೇಳಬೇಕಾಯಿತು. ಅಷ್ಟು ಹೊತ್ತಿಗೆ ಕೋಳಿಯ ಮಾತು ಯಾರಿಗೂ ಬೇಕಿರಲಿಲ್ಲ.

ನಮ್ಮ ಕರಾವಳಿಯದೂ ಇದೇ ಕಥೆ. ಕಂಬಳದ ವಿರುದ್ಧ ಪೆಟಾ ವೇಷ ಹಾಕುವ ಬದಲು ಕೋರ್ಟಿಗೆ ಹೋಯಿತು, 2016ರಲ್ಲಿ ಹೈಕೋರ್ಟ್ ತಡೆಯನ್ನೂ ಕೊಟ್ಟಿತು. ಆದರೆ ಸಂಸ್ಥೆಯ ಹಳೆಯ ಖ್ಯಾತಿ ಬೆನ್ನು ಬಿಡಲಿಲ್ಲ. ಕೋಣಗಳಿಗೆ ಬೀಳುವ ಬೆತ್ತದ ಏಟಿನ ಪ್ರಶ್ನೆ ಬದಿಗೆ ಸರಿದು, ‘ಹೊರಗಿನವರು ನಮ್ಮ ಸಂಸ್ಕೃತಿಗೆ ಕೈಹಾಕಿದರು’ ಎಂಬ ಕೂಗು ಎದ್ದಿತು. 2018ರಲ್ಲಿ, ಕಂಬಳಕ್ಕೆ ಅವಕಾಶ ಕೊಡುವ ರಾಜ್ಯದ ಕಾಯ್ದೆ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಇಷ್ಟೆಲ್ಲದರ ನಡುವೆ ಪ್ರಾಣಿ ಹಿಂಸೆ ತಡೆಯುವ 1960ರ ಕೇಂದ್ರ ಕಾಯ್ದೆಯ ದಂಡ ಹಾಗೇ ಇದೆ. ದನವನ್ನೋ ನಾಯಿಯನ್ನೋ ಹೊಡೆದು ಹಿಂಸಿಸಿ ಮೊದಲ ಸಲ ಸಿಕ್ಕಿಬಿದ್ದವನಿಗೆ ಅದರಲ್ಲಿ ದಂಡ 10ರಿಂದ 50 ರೂಪಾಯಿ. ಈ ಮೊತ್ತ ಸಾಕೇ ಎಂದು ನಮ್ಮ ಸಂಸದರನ್ನು ಕೇಳಿ, ಉತ್ತರವನ್ನು ದಯವಿಟ್ಟು ಪ್ರಕಟಿಸಿ.

– ಓದುಗ, ಕುಂದಾಪುರ